ಇಪ್ಪತ್ತೆಂಟು ದಿನಕ್ಕೊಂದು ಲಕೋಟೆ

ಅಕ್ಕನ ತೂಕ ಐವತ್ತೆಂಟು ಕಿಲೋ. ಕೈಯಲ್ಲಿ ಆ ಕಪ್ಪು ಚೀಲ ಹಿಡಿದು ನಿಂತರೆ ಎಪ್ಪತ್ತು. ಇದು ನನಗೆ ಗೊತ್ತಿರುವುದಕ್ಕೆ ಕಾರಣವಿದೆ. ಸರಕು ವಿಮಾನಗಳ ಒಂದು ಸಣ್ಣ ಕಂಪನಿಯಲ್ಲಿ ತೂಕ ಹಾಕುವವನು ನಾನು. ಪತ್ರಿಕೆಯ ಕಟ್ಟು, ಔಷಧಿಯ ಪೆಟ್ಟಿಗೆ, ನೀರೆತ್ತುವ ಪಂಪು, ಒಂದು ದಿನದ ಕೋಳಿಮರಿ, ಕೊನೆಗೆ ಪೈಲಟ್ಟು, ಹೀಗೆ ವಿಮಾನ ಹತ್ತುವ ಯಾವುದೂ ನನ್ನ ತಕ್ಕಡಿಯನ್ನು ಹತ್ತದೆ ಮುಂದೆ ಹೋಗುವಂತಿಲ್ಲ.

ಕಂಪನಿಯಲ್ಲಿ ಮೂರು ವಿಮಾನ, ಹನ್ನೊಂದು ಪೈಲಟ್ಟುಗಳು, ತಗಡಿನ ಮಾಡಿನ ಒಂದು ಶೆಡ್ಡು. ಹನ್ನೊಂದು ಜನರಲ್ಲಿ ಹೆಂಗಸು ಇವರೊಬ್ಬರೇ. ಸೇರಿದ ಮೊದಲ ವಾರ ‘ಮೇಡಂ’ ಎಂದು ಕರೆಯುತ್ತಿದ್ದೆವು. ಒಂದು ದಿನ ಹಮಾಲರ ಜೊತೆ ಸೇರಿ ಪಂಪಿನ ಪೆಟ್ಟಿಗೆಗೆ ಹೆಗಲು ಕೊಟ್ಟರು ನೋಡಿ, ಅವತ್ತಿನಿಂದ ಎಲ್ಲರಿಗೂ ಅಕ್ಕ.

ಅಕ್ಕ ಮೊದಲು ವಿಮಾನ ಕಲಿಸುವ ಶಾಲೆಯೊಂದರಲ್ಲಿ ಬಾಗಿಲ ಬಳಿಯ ಮೇಜಿನಲ್ಲಿ ಕೂತು ಬಂದವರನ್ನು ವಿಚಾರಿಸುವ ಕೆಲಸದಲ್ಲಿದ್ದರು. ಸಂಬಳದ ಅರ್ಧವನ್ನು ಕೈಗೆ ತೆಗೆದುಕೊಂಡು, ಇನ್ನರ್ಧಕ್ಕೆ ಬದಲಾಗಿ ಹಾರಾಟದ ಗಂಟೆಗಳನ್ನು ಕೇಳಿ ಪಡೆದರು. ಉಳಿದವರು ಎರಡು ವರ್ಷದಲ್ಲಿ ಮುಗಿಸುವ ಲೈಸೆನ್ಸಿಗೆ ಇವರಿಗೆ ಒಂಬತ್ತು ವರ್ಷ ಹಿಡಿಯಿತು. ಅಷ್ಟೊತ್ತಿಗೆ ದೊಡ್ಡ ಕಂಪನಿಗಳು ಕೇಳುವ ವಯಸ್ಸು ದಾಟಿತ್ತು. ‘ಜನ ಹತ್ತೋ ವಿಮಾನ ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ?’ ಎಂದು ನಾನೊಮ್ಮೆ ಕೇಳಿದ್ದೆ. ‘ಕೋಳಿಮರಿಗಳು ಗಂಟೆ ಒತ್ತಿ ನೀರು ಕೇಳಲ್ಲ, ತಡವಾಯ್ತು ಅಂತ ಪೇಪರಿಗೆ ಬರೆಯಲ್ಲ,’ ಎಂದು ನಕ್ಕಿದ್ದರು.

ಇನ್ನು ಆ ಹನ್ನೆರಡು ಕಿಲೋ ಚೀಲದ ವಿಷಯ. ಅದರೊಳಗೆ ಇದ್ದದ್ದು ಎರಡು ದಪ್ಪ ಕಡತಗಳ ತುಂಬ ನಕ್ಷೆಗಳು. ಒಂದೊಂದು ನಿಲ್ದಾಣಕ್ಕೂ ಒಂದೊಂದು ಹಾಳೆ. ಮೋಡದೊಳಗಿಂದ ಇಳಿಯುವಾಗ ಯಾವ ದಿಕ್ಕಿನಿಂದ ಬರಬೇಕು, ನೆಲ ಕಾಣುವವರೆಗೆ ಎಷ್ಟು ಅಡಿಗಿಂತ ಕೆಳಗೆ ಇಳಿಯಲೇಬಾರದು, ಗುಡ್ಡ ಎಲ್ಲಿದೆ, ರೇಡಿಯೋದಲ್ಲಿ ಯಾರನ್ನು ಕರೆಯಬೇಕು ಎಲ್ಲವೂ ಅಂಗೈಯಗಲದ ಆ ಹಾಳೆಯಲ್ಲಿ. ಲೋಕ ಸುಮ್ಮನೆ ಕೂರುವುದಿಲ್ಲವಲ್ಲ. ಇಲ್ಲೊಂದು ಗೋಪುರ ಏಳುತ್ತದೆ, ಅಲ್ಲೊಂದು ದೀಪ ಕೆಡುತ್ತದೆ. ಹಾಗಾಗಿ ಇಪ್ಪತ್ತೆಂಟು ದಿನಕ್ಕೊಮ್ಮೆ ನಕ್ಷೆಯವರು ಲಕೋಟೆಯಲ್ಲಿ ಹೊಸ ಹಾಳೆ ಕಳಿಸುತ್ತಾರೆ. ಹಳೆಯದನ್ನು ತೆಗೆದು ಹೊಸದನ್ನು ಸೇರಿಸಬೇಕು.

ಇಷ್ಟಕ್ಕೂ ವರ್ಷದ ಚಂದಾ ಕಟ್ಟುವವರು ಯಾರು? ಪೈಲಟ್ಟುಗಳೇ. ನೇಮಕದ ಪತ್ರದಲ್ಲಿ ಹದಿನಾಲ್ಕನೆಯ ಕಲಮು ಸ್ಪಷ್ಟವಾಗಿತ್ತು: ‘ಬೂಟು, ಕಪ್ಪು ಕನ್ನಡಕ, ಹೆಡ್‌ಸೆಟ್ ಮತ್ತು ನಕ್ಷೆಗಳು ಪೈಲಟ್ಟಿನ ಸ್ವಂತ ಜವಾಬ್ದಾರಿ.’ ಒಂದೂಕಾಲು ತಿಂಗಳ ಸಂಬಳ ಅದಕ್ಕೇ ಹೋಗುತ್ತಿತ್ತು.

‘ಬಸ್ ಡ್ರೈವರಿಗೆ, ಸ್ಟೇರಿಂಗು ಮನೆಯಿಂದ ತಗೊಂಡು ಬಾರಪ್ಪಾ ಅಂದ ಹಾಗಾಯ್ತು ಇದು,’ ಎನ್ನುತ್ತಿದ್ದರು ಮೀಸೆ ಕ್ಯಾಪ್ಟನ್ನು. ಕಂಪನಿಯಲ್ಲಿ ಎಲ್ಲರಿಗಿಂತ ಹಳಬರು, ಮೀಸೆಯೂ ಮಾತೂ ಒಂದೇ ಸಮ ದಪ್ಪ. ಅವರೂ ಇನ್ನು ಮೂವರೂ ಸೇರಿ ಒಂದೇ ಚಂದಾ ಹಂಚಿಕೊಂಡು, ಉಳಿದದ್ದಕ್ಕೆ ಜೆರಾಕ್ಸ್ ಅಂಗಡಿಯನ್ನು ನಂಬಿದ್ದರು. ಕೆಲವರ ಚೀಲದಲ್ಲಿ ಎರಡು ವರ್ಷದ ಹಿಂದಿನ ಹಾಳೆ. ಗೊತ್ತಿರುವ ದಾರಿ, ಗೊತ್ತಿರುವ ಗುಡ್ಡ, ಗುಡ್ಡ ಎದ್ದು ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ.

ಅಕ್ಕ ಮಾತ್ರ ಪೂರ್ತಿ ಚಂದಾ ಕಟ್ಟುತ್ತಿದ್ದರು. ಅದಕ್ಕೆ ಅರ್ಧ ಕಾರಣ ಅವರ ಅಪ್ಪ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ಅಪ್ಪ ಮೂವತ್ತಾರು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ನಿವೃತ್ತರಾದರೂ ಕಣ್ಣಿಗೆ ನಿವೃತ್ತಿ ಇರಲಿಲ್ಲ. ಔಷಧಿ ಚೀಟಿ, ಬಸ್ಸಿನ ಟಿಕೆಟು, ಅಂಗಡಿಯ ಬೋರ್ಡು ಏನೇ ಸಿಕ್ಕಲಿ, ತಪ್ಪು ಹೆಕ್ಕಿ ತೆಗೆಯುವರು. ಲಕೋಟೆ ಬಂದ ದಿನ ಊಟದ ಮೇಜನ್ನು ಒಣಬಟ್ಟೆಯಲ್ಲಿ ಒರೆಸಿ, ಎಡಕ್ಕೆ ಹಳೆ ಹಾಳೆ, ಬಲಕ್ಕೆ ಹೊಸ ಹಾಳೆ ಇಟ್ಟು, ಅಡ್ಡಪಟ್ಟಿಯನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಕೂರುವರು. ಎಲ್ಲಿ ಏನು ಬದಲಾಗಿದೆಯೆಂದು ಚೀಟಿಯಲ್ಲಿ ಬರೆದು, ಮಗಳು ಬೂಟು ಬಿಚ್ಚುವ ಮುಂಚೆಯೇ ಓದಿ ಹೇಳುವರು.

‘ಬಂದರಿನೂರಿನ ರೇಡಿಯೋ ನಂಬರ್ ಬದಲಾಯ್ತು ಮಗೂ. ಹೊಳೆ ಪಕ್ಕದ ನಿಲ್ದಾಣದಲ್ಲಿ ಬಲಗಡೆ ದೀಪ ಇಲ್ವಂತೆ.’

‘ಒಂದು ಲೋಟ ನೀರು ಕುಡೀಲಾ ಅಪ್ಪಾ?’

‘ಕುಡಿ, ಕುಡಿ. ಕುಡೀತಾ ಕೇಳು.’

ಒಮ್ಮೆ ಅವರಿಗೆ ನಕ್ಷೆಯಲ್ಲೇ ತಪ್ಪು ಸಿಕ್ಕಿತು. ಒಂದು ಹಾಳೆಯಲ್ಲಿ ಚಿತ್ರದ ಪಕ್ಕದ ಎತ್ತರಕ್ಕೂ ಕೆಳಗಿನ ಪಟ್ಟಿಯ ಎತ್ತರಕ್ಕೂ ತೊಂಬತ್ತು ಅಡಿ ವ್ಯತ್ಯಾಸ, ಎರಡು ಅಂಕಿ ಹಿಂದುಮುಂದಾಗಿದ್ದವು. ಅಂದೇ ನಕ್ಷೆಯ ಕಂಪನಿಗೆ ಕಾಗದ ಬರೆದರು. ಮೂರು ವಾರಕ್ಕೆ ಉತ್ತರ ಬಂತು: ತಪ್ಪು ನಮ್ಮದೇ, ತಿದ್ದಿದ ಹಾಳೆ ಕಳಿಸಿದ್ದೇವೆ, ನಿಮಗೆ ವಂದನೆ. ಜೊತೆಗೆ ಕಂಪನಿಯ ಹೆಸರು ಕೆತ್ತಿದ ಒಂದು ಕೀಚೈನು. ‘ಒಂದು ವರ್ಷದ ಚಂದಾ ಮಾಫಿ ಮಾಡ್ತಾರೇನೋ ಅಂದ್ಕೊಂಡೆ,’ ಎಂದರು ಅಕ್ಕ ನಗುತ್ತ. ಅಪ್ಪ ಮಾತ್ರ ಆ ಕಾಗದವನ್ನು ಕಂಡವರಿಗೆಲ್ಲ ತೋರಿಸಿದರು. ಕೆಳಗಿನ ಸೈಕಲ್ಲಿನವನಿಗೆ ಎರಡು ಸಲ.

ಅಂಥವರ ಕಣ್ಣಿಗೇ ಪೊರೆ ಬಂತು. ಎರಡೂ ಕಣ್ಣಿಗೆ, ಅದೂ ಅವಸರದಲ್ಲಿ. ಎಡಗಣ್ಣಿನ ಒತ್ತಡವೂ ಏರಿದೆ, ತಡ ಮಾಡಿದರೆ ದೃಷ್ಟಿ ಹೋಗುತ್ತದೆ ಎಂದರು ಡಾಕ್ಟರು. ಚಂದಾ ಕಟ್ಟುವ ತಿಂಗಳೂ ಅದೇ. ಅಕ್ಕ ಯೋಚಿಸಲಿಲ್ಲ, ಆಸ್ಪತ್ರೆಗೆ ಕಟ್ಟಿದರು. ನಕ್ಷೆಯವರ ನೆನಪೋಲೆಯನ್ನು ಅಪ್ಪನ ಕೈಗೆ ಸಿಗದ ಹಾಗೆ ಬೀರುವಿನಲ್ಲಿಟ್ಟರು. ಎರಡು ವಾರ ರಜೆ ಹಾಕಿ ಅಪ್ಪನ ಪಕ್ಕದಲ್ಲಿದ್ದು, ತಿರುಗಿ ಕೆಲಸಕ್ಕೆ ಬಂದಾಗ ಮೀಸೆ ಕ್ಯಾಪ್ಟನ್ನರ ಬಳಿ ಕೇಳಿದರು.

‘ಎರಡು ತಿಂಗಳು ನಿಮ್ಮ ಹಾಳೆ ನನಗೂ ಕೊಡಿ ಅಣ್ಣಾ. ನನ್ನ ಪಾಲು ಆಮೇಲೆ ಕೊಡ್ತೀನಿ.’

‘ಪಾಲು ಯಾರಿಗೆ ಬೇಕಮ್ಮಾ? ಐದನೇ ಕಾಪಿ ತೆಗೆಸಿದ್ರಾಯ್ತು,’ ಎಂದರು ಮೀಸೆಯವರು. ಮನಸ್ಸು ಒಳ್ಳೆಯದೇ. ಆದರೆ ಅವರ ಲಕೋಟೆಗಳು ತಿಂಗಳಾನುಗಟ್ಟಲೆ ಒಡೆಯದೆ ಬೀಳುತ್ತಿದ್ದವೆಂಬುದು ಅಕ್ಕನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಆ ದಿನ ನಾನೂ ವಿಮಾನದಲ್ಲಿದ್ದೆ. ಗುಡ್ಡದೂರಿನ ಕೋಳಿ ಸಾಕುವವನೊಬ್ಬನಿಗೆ ಆರು ಸಾವಿರ ಮರಿ. ಪೆಟ್ಟಿಗೆಗಳ ನಡುವೆ ಗಾಳಿ ಆಡುತ್ತಿದೆಯೇ ನೋಡಿಕೊಳ್ಳಲು ಒಬ್ಬರು ಬೇಕು. ಪೈಲಟ್ಟುಗಳ ಹಿಂದಿನ ಮಡಚುವ ಸೀಟಿನಲ್ಲಿ ನಾನು ಕೂತೆ. ಬೆಳಿಗ್ಗೆ ಏಳಕ್ಕೆ ಹೊರಟೆವು. ಆರು ಸಾವಿರ ಮರಿಗಳು ಒಟ್ಟಿಗೆ ಚೀಂಗುಟ್ಟಿದರೆ ಇಂಜಿನ್ನಿನ ಸದ್ದೂ ಅದರ ಮುಂದೆ ಸಪ್ಪೆ.

ಗುಡ್ಡದೂರಿನ ಮೇಲೆ ಹಾಸಿಗೆ ಹಾಸಿದಂತೆ ಬಿಳಿ ಮೋಡ. ಅಕ್ಕ ಜೆರಾಕ್ಸ್ ಹಾಳೆಯನ್ನು ಮುಂದೆ ಸಿಕ್ಕಿಸಿಕೊಂಡು, ಪಕ್ಕದ ಸಹ ಪೈಲಟ್ಟಿಗೆ ಓದಿ ಹೇಳಿದರು. ‘ಎರಡು ಸಾವಿರದ ನಾನೂರು. ಅದಕ್ಕಿಂತ ಕೆಳಗೆ ಬೇಡ.’ ಆತನೂ ತನ್ನ ಹಾಳೆ ನೋಡಿ ಹೌದೆಂದ. ಅದೂ ಅದೇ ಜೆರಾಕ್ಸಿನ ಕೂಸು.

ಮೋಡದೊಳಗೆ ಇಳಿದೆವು. ಕಿಟಕಿಯ ತುಂಬ ಹಾಲು ಚೆಲ್ಲಿದಂತೆ ಬಿಳುಪು. ಸೂಜಿ ಎರಡು ಸಾವಿರದ ನಾನೂರಕ್ಕೆ ಬಂದು ನಿಂತಿತು. ಅಷ್ಟರಲ್ಲಿ ಎಡಗಡೆ ಮೋಡ ಒಂದು ಕ್ಷಣ ಹರಿಯಿತು. ಕಿಟಕಿಯ ಮಟ್ಟಕ್ಕೇ ಕೆಂಪು ಬಿಳಿ ಪಟ್ಟೆಯ ಕಬ್ಬಿಣ ನಿಂತಿತ್ತು. ಅದರ ತುದಿಯಲ್ಲಿ ಕೂತಿದ್ದ ಕಾಗೆಯೂ ಕಂಡಿತೆಂದು ಆಮೇಲೆ ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಅದು ಸುಳ್ಳು. ಕಂಡದ್ದು ಬಣ್ಣ ಮಾತ್ರ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದೆ ಹೋಯಿತು.

ಅಕ್ಕ ಕೂಗಲಿಲ್ಲ. ಎರಡೂ ಇಂಜಿನ್ನಿಗೆ ಪೂರ್ತಿ ಬಲ ಕೊಟ್ಟು ಮೂತಿ ಎತ್ತಿದರು. ನನ್ನ ಹೊಟ್ಟೆ ಸೀಟಿನಲ್ಲೇ ಉಳಿದು ನಾನೊಬ್ಬನೇ ಮೇಲೆ ಹೋದಂತಾಯಿತು. ಬಿಸಿಲಿಗೆ ಬಂದ ಮೇಲೆ ರೇಡಿಯೋದಲ್ಲಿ ಕೆಳಗಿನವರನ್ನು ಕರೆದರು.

‘ಗುಡ್ಡದ ಮೇಲೆ ಏನದು?’

‘ಹೊಸ ಗೋಪುರ ಕ್ಯಾಪ್ಟನ್. ಅದಕ್ಕೇ ಎತ್ತರ ಎರಡು ಸಾವಿರದ ಎಂಟುನೂರಾ ಐವತ್ತು ಮಾಡಿದಾರಲ್ಲ. ನಿಮ್ಮ ಹಾಳೇಲಿ ಇಲ್ವಾ?’

ಅಕ್ಕ ಹಾಳೆಯನ್ನು ಇನ್ನೊಮ್ಮೆ ನೋಡಿದರು. ‘ನನ್ನ ಹಾಳೇಲಿ ಇಲ್ಲ,’ ಎಂದರು. ಹೊಸ ಅಂಕಿಯನ್ನು ಕೇಳಿ ಕೈಯಲ್ಲಿ ಬರೆದುಕೊಂಡು ಇನ್ನೊಮ್ಮೆ ಇಳಿದು ನೋಡಿದರು. ಆ ಎತ್ತರದಲ್ಲಿ ನೆಲ ಕಾಣಲಿಲ್ಲ. ಆರು ಸಾವಿರ ಮರಿಗಳ ಸಮೇತ ವಾಪಸ್ಸು ಬಂದೆವು.

ಗೋಪುರದ ಸುದ್ದಿ ಹತ್ತು ದಿನ ಪೈಲಟ್ಟುಗಳ ಸೂಚನಾ ಫಲಕದಲ್ಲಿತ್ತಂತೆ. ಹೊಸ ಹಾಳೆ ಅಚ್ಚಾದ ಮೇಲೆ, ಇನ್ನೇಕೆಂದು ಆ ಸೂಚನೆ ತೆಗೆದರು. ಅದು ಫಲಕದಲ್ಲಿದ್ದ ಅಷ್ಟೂ ದಿನ ಅಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು.

ಇಳಿದ ಕೂಡಲೇ ಅಕ್ಕ ವರದಿ ಬರೆಯುವ ಕಾಗದ ಕೇಳಿದರು. ಮ್ಯಾನೇಜರು ಬಾಗಿಲು ಮುಂದೆ ಮಾಡಿ ಸಣ್ಣ ದನಿಯಲ್ಲಿ ಮಾತಾಡಿದರು. ನಾನು ಮರಿಗಳ ಲೆಕ್ಕ ಕೊಡಲು ಅಲ್ಲೇ ನಿಂತಿದ್ದೆ.

‘ಏನೂ ಆಗಿಲ್ಲ ಅಲ್ವಾ ಕ್ಯಾಪ್ಟನ್? ಮೋಡ ಇತ್ತು, ವಾಪಸ್ ಬಂದ್ರಿ. ಇಷ್ಟು ಬರೀರಿ, ಸಾಕು.’

‘ಗೋಪುರದ ವಿಷಯ?’

‘ಗೋಪುರ ಬರೆದ್ರೆ ಹಾಳೆ ಎಲ್ಲಿ ಅಂತಾರೆ. ಹಾಳೆ ನಿಮ್ಮ ಜವಾಬ್ದಾರಿ, ಹದಿನಾಲ್ಕನೇ ಕಲಮು. ನಿಮ್ಮ ಕುತ್ತಿಗೆಗೆ ನೀವೇ ಯಾಕೆ ಹಗ್ಗ ಹಾಕ್ಕೊತೀರಿ?’

ಅಕ್ಕ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡರು. ‘ಮನೇಲಿ ಬರೀತೀನಿ’ ಎಂದಷ್ಟೇ ಹೇಳಿದರು.

ಸಾಕ್ಷಿಯಾಗಿ ನನ್ನ ಸಹಿಯೂ ಬೇಕೆಂದು ಸಂಜೆ ಅವರ ಮನೆಗೆ ಹೋದೆ. ಅಕ್ಕನ ಅಪ್ಪ, ನನಗೆ ಅಪ್ಪಾಜಿ, ಎಡಗಣ್ಣಿಗೆ ಹಸಿರು ಪರದೆ ಕಟ್ಟಿಕೊಂಡು ಮೇಜಿನ ಬಳಿ ಕೂತಿದ್ದರು. ಅಕ್ಕ ಅಷ್ಟೊತ್ತಿಗಾಗಲೇ ಎಲ್ಲ ಹೇಳಿ ಮುಗಿಸಿದ್ದರೆಂದು ಕಾಣುತ್ತದೆ. ಕೆಳಗೆ ಯಾರೋ ಟೈರಿಗೆ ಗಾಳಿ ಹೊಡೆಯುತ್ತಿದ್ದರು.

‘ನನ್ನ ಕಣ್ಣು ನೋಡೋಕೆ ಹೋಗಿ ನಿನ್ನ ಕಣ್ಣಿಗೆ ಬಟ್ಟೆ ಕಟ್ಕೊಂಡ್ಯಲ್ಲ ಮಗೂ,’ ಎಂದರು ಅಪ್ಪಾಜಿ.

‘ಹಾಗೆಲ್ಲ ಮಾತಾಡಬೇಡಪ್ಪಾ. ಆಪರೇಷನ್ ಮುಂದಕ್ಕೆ ಹಾಕೋ ಹಾಗಿರ್ಲಿಲ್ಲ. ಆದರೆ ಇವತ್ತಿನ ಟ್ರಿಪ್ಪು ನಂಗೆ ಬೇಡ ಅನ್ನಬಹುದಿತ್ತು. ಹಾಳೆ ಮೇಲೆ ತಾರೀಖು ನೋಡಬಹುದಿತ್ತು. ಜೆರಾಕ್ಸಿನಲ್ಲಿ ತಾರೀಖಿನ ಜಾಗ ಕತ್ತರಿಸಿಹೋಗಿತ್ತು, ಆದರೂ ಕೇಳಲಿಲ್ಲ. ತಪ್ಪು ನಂದೇ.’

ಹೇಳುವಾಗ ದನಿ ಗಟ್ಟಿಯಿತ್ತು. ಲೋಟಕ್ಕೆ ನೀರು ಬಗ್ಗಿಸುವಾಗ ಮಾತ್ರ, ಲೋಟ ತುಂಬಿದ್ದು ನೋಡದೆ, ಮೇಜೆಲ್ಲ ನೀರಾಯಿತು. ಅದನ್ನು ಒರೆಸುತ್ತ, ‘ಅವನೂ ಹಿಂದೆ ಕೂತಿದ್ದ ಅಪ್ಪಾ,’ ಎಂದು ನನ್ನ ಕಡೆ ತೋರಿಸಿದರು. ನಾನು ನೆಲ ನೋಡಿದೆ. ಬೆಳಿಗ್ಗೆಯಿಂದ ನಾನು ನನ್ನ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಅಪ್ಪಾಜಿ ವರದಿಯನ್ನು ತಮ್ಮತ್ತ ಎಳೆದುಕೊಂಡರು. ಬಲಗಣ್ಣಿಗೆ ಭೂತಗನ್ನಡಿ ಹಿಡಿದು ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ ಓದಿದರು. ಎರಡು ಕಡೆ ಗುಣಿತ ತಿದ್ದಿದರು. ಆಮೇಲೆ ಪೆನ್ನಿನ ತುದಿಯಿಂದ ಒಂದು ಜಾಗ ತಟ್ಟಿದರು.

‘ಹಳೆ ನಕ್ಷೆ ಇಟ್ಕೊಂಡು ಹಾರಿದ್ದು ತಪ್ಪು ಅಂತ ಬರೆದಿದೀಯ. ಸರಿ. ಅದಕ್ಕೂ ಮುಂಚೆ ಒಂದು ವಾಕ್ಯ ಬಿಟ್ಟುಹೋಗಿದೆ.’

‘ಯಾವುದು?’

‘ನಮ್ಮ ಕಂಪನೀಲಿ ನಕ್ಷೆಗಳನ್ನ ಪೈಲಟ್ಟುಗಳು ಸ್ವಂತ ಸಂಬಳದಲ್ಲಿ ಕೊಳ್ಳಬೇಕು, ಅನ್ನೋದು.’

‘ಅದು ದೂರು ಹೇಳಿದ ಹಾಗಾಗತ್ತಪ್ಪಾ. ತಪ್ಪು ಮಾಡಿ ಇನ್ನೊಬ್ಬರ ಕಡೆ ಬೆರಳು ತೋರಿಸೋದಾ?’

‘ಬೆರಳು ತೋರಿಸೋದು ಬೇಡ. ಅದರ ಹಿಂದೆ ಮುಂದೆ ಒಂದು ಮಾತೂ ಸೇರಿಸಬೇಡ. ಆದರೆ ನಡೆದದ್ದರಲ್ಲಿ ಅರ್ಧ ಬರೆದು ಅರ್ಧ ಬಿಟ್ಟರೆ, ಓದೋನಿಗೆ ಸಿಗೋದು ಸುಳ್ಳೇ.’

ಅಕ್ಕ ಪೆನ್ನು ತೆಗೆದುಕೊಂಡರು. ಆ ಒಂದು ವಾಕ್ಯ ಸೇರಿಸಿದರು. ನಾನು ಕೆಳಗೆ ಸಹಿ ಹಾಕಿದೆ.

ಎಂಟು ದಿನ ಬಿಟ್ಟು ವಿಮಾನ ಇಲಾಖೆಯಿಂದ ಒಬ್ಬ ಅಧಿಕಾರಿ ಬಂದರು. ತೆಳ್ಳಗಿನ ಮನುಷ್ಯ, ಕೂರಲು ಕುರ್ಚಿ ಕೊಟ್ಟರೆ ಬೇಡವೆಂದರು. ಎಲ್ಲ ಪೈಲಟ್ಟುಗಳ ಚೀಲಗಳನ್ನೂ ನನ್ನ ತೂಕದ ಮೇಜಿನ ಮೇಲೆ ಸಾಲಾಗಿ ಇಡಿಸಿ, ಗುಡ್ಡದೂರಿನ ಹಾಳೆಯೊಂದನ್ನೇ ತೆಗೆಸಿದರು. ಹನ್ನೊಂದರಲ್ಲಿ ಹೊಸ ಹಾಳೆ ಇದ್ದದ್ದು ಇಬ್ಬರ ಬಳಿ, ಅದೂ ಬೇರೆ ಕಂಪನಿಯ ಗೆಳೆಯರಿಂದ ತಂದ ಜೆರಾಕ್ಸು. ಒಬ್ಬರ ಚೀಲದಲ್ಲಿ ಗುಡ್ಡದೂರೇ ಇರಲಿಲ್ಲ. ಅವರು ಅಲ್ಲಿಗೆ ತಿಂಗಳಿಗೆ ನಾಲ್ಕು ಸಲ ಹೋಗುತ್ತಿದ್ದರು. ಅಧಿಕಾರಿ ಒಂದು ಮಾತೂ ಬೈಯಲಿಲ್ಲ. ಟೋಪಿ ಹಾಕಿಕೊಳ್ಳುತ್ತ ಮ್ಯಾನೇಜರಿಗೆ ಹೇಳಿದರು: ‘ಸರಿಯಾದ ನಕ್ಷೆ ಬರೋವರೆಗೂ ಒಂದು ವಿಮಾನಾನೂ ಏಳೋ ಹಾಗಿಲ್ಲ.’

ಮೂರು ದಿನ ಶೆಡ್ಡಿನಲ್ಲಿ ಪತ್ರಿಕೆಗಳ ಕಟ್ಟು ಕೊಳೆಯಿತು. ಔಷಧಿ ಲಾರಿಯಲ್ಲಿ ಹೋಯಿತು. ಮಾಲೀಕರು ಎಲ್ಲೆಲ್ಲಿಗೋ ಫೋನು ಮಾಡಿದರು. ನಾಲ್ಕನೆಯ ದಿನ ವಿಮಾನಕ್ಕೊಂದರಂತೆ ಮೂರು ಜೊತೆ ನಕ್ಷೆ ಬಂತು, ಕಂಪನಿಯ ಖರ್ಚಿನಲ್ಲಿ. ಹದಿನಾಲ್ಕನೆಯ ಕಲಮಿನಿಂದ ಒಂದು ಪದ ಹೊಡೆದುಹಾಕಿದರು.

ಅಕ್ಕನಿಗೆ ಮೂರು ತಿಂಗಳು ಹಾರಾಟ ನಿಷೇಧ, ಅರ್ಧ ಸಂಬಳ. ತಾವೇ ಒಪ್ಪಿ ಬರೆದುದರಿಂದ ಅಷ್ಟಕ್ಕೇ ನಿಂತಿತು ಎಂದರು. ಆದರೆ ಅವರಿಗೆ ಅದಕ್ಕಿಂತ ಕಷ್ಟವಾದದ್ದು ಶೆಡ್ಡಿನ ಜನ. ಮೂರು ದಿನದ ಭತ್ಯೆ ಎಲ್ಲರಿಗೂ ಹೋಗಿತ್ತು. ‘ತಾನು ಮುಳುಗೋದಲ್ದೆ ನಮ್ಮನ್ನೂ ಎಳ್ಕೊಂಡ್ಲು’ ಎಂದು ಬೆನ್ನ ಹಿಂದೆ ಆಡಿಕೊಂಡರು. ಮೀಸೆಯವರಂತೂ, ಕೊಟ್ಟ ಹಾಳೆಯಿಂದ ತಮ್ಮ ಮಾನ ಹೋಯಿತೆಂದು ಮುಖ ತಿರುಗಿಸಿಬಿಟ್ಟರು. ಸಾಮಾನು ಒಯ್ಯಲು ಬಂದ ಅಕ್ಕ ‘ಬರ್ತೀನಿ ಅಣ್ಣಾ’ ಎಂದರೆ, ಅವರು ರೇಡಿಯೋದ ಗುಂಡಿ ತಿರುಗಿಸುತ್ತ ನಿಂತರು. ರೇಡಿಯೋ ಆಫ್ ಆಗಿತ್ತು.

ಆ ಮೂರು ತಿಂಗಳು ಅಕ್ಕ ತಾವು ಕಲಿತ ಶಾಲೆಯಲ್ಲೇ ಹೊಸಬರಿಗೆ ನಕ್ಷೆ ಓದುವುದನ್ನು ಕಲಿಸಿದರು. ಇತ್ತ ಕಂಪನಿಯ ಹಾಳೆ ಬದಲಿಸುವ ಕೆಲಸ ನನ್ನ ತಲೆಗೆ ಬಂತು. ಮೊದಲ ಲಕೋಟೆಯಲ್ಲೇ ಎರಡು ಊರನ್ನು ಅದಲುಬದಲು ಮಾಡಿಟ್ಟೆ. ಹೆದರಿ, ಮೂರೂ ಜೊತೆ ಕಡತಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಅಪ್ಪಾಜಿಯ ಮೆಟ್ಟಿಲು ಹತ್ತಿದೆ.

ಕಣ್ಣಿನ ಪರದೆ ತೆಗೆದಿದ್ದರು. ಹೊಸ ಕನ್ನಡಕದ ಹಿಂದೆ ಕಣ್ಣು ಎರಡರಷ್ಟು ದೊಡ್ಡದಾಗಿ ಕಾಣುತ್ತಿತ್ತು.

‘ಅಂಕೀನ ಒಟ್ಟಿಗೆ ಓದಬೇಡ. ಎರಡು, ಎಂಟು, ಐದು, ಸೊನ್ನೆ. ಹೀಗೆ ಒಂದೊಂದೇ, ಗಟ್ಟಿಯಾಗಿ,’ ಎಂದರು. ‘ಅರ್ಥ ನೋಡೋಕೆ ಹೋದ್ಯೋ, ಕಣ್ಣು ಮುಂದಕ್ಕೆ ಓಡಿಬಿಡತ್ತೆ. ಅಕ್ಷರ ನೋಡು.’

ನಾನು ಹೊಸದನ್ನು ಓದುವುದು, ಅವರು ಹಳೆಯದನ್ನು ಹಿಡಿದು ಹೋಲಿಸಿ ನೋಡುವುದು. ಒಂದು ಅಂಕಿಯನ್ನು ನುಂಗಿದರೂ ಬಿಡುತ್ತಿರಲಿಲ್ಲ. ‘ಏನಂದೆ? ಕೋಳಿ ಕೂಗಿದ ಹಾಗೆ ಓದಬೇಡಪ್ಪಾ, ಮನುಷ್ಯನ ಹಾಗೆ ಓದು.’ ಅಕ್ಕ ಒಳಗಿನಿಂದ ನಗುವುದು ಕೇಳಿಸುತ್ತಿತ್ತು. ಎಷ್ಟೋ ವಾರದ ಮೇಲೆ ಕೇಳಿದ ನಗು ಅದು. ನಾಲ್ಕು ವರ್ಷ ಹೀಗೇ ಓದಿದೆವು, ಕಾಗದ ಹೋಗಿ ನಕ್ಷೆಗಳೆಲ್ಲ ಕೈಯಗಲದ ಪರದೆಗೆ ಬರುವವರೆಗೆ. ಆ ಪರದೆಗಳನ್ನೂ ಪೈಲಟ್ಟುಗಳೇ ಕೊಳ್ಳಲಿ ಎಂದು ಮ್ಯಾನೇಜರು ಒಮ್ಮೆ ಮಾತು ತೆಗೆದಿದ್ದರು. ಸಭೆಯಲ್ಲಿ ಅಕ್ಕ ತಲೆ ಎತ್ತಿ ಅವರನ್ನೇ ನೋಡಿದರಂತೆ. ಮಾತು ಅಲ್ಲಿಗೇ ನಿಂತಿತು.

ನಾನು ಹೇಳಬೇಕಾದದ್ದು ಅದಕ್ಕೂ ಹಿಂದಿನದು. ನಿಷೇಧ ಮುಗಿದು ಅಕ್ಕ ಕೆಲಸಕ್ಕೆ ಬಂದ ಮೊದಲ ತಿಂಗಳು. ಶೆಡ್ಡಿನ ಚಹಾ ಮೇಜಿನಲ್ಲಿ ಅವರು ಕೂತರೆ ಉಳಿದವರು ನಿಂತೇ ಕುಡಿದು ಹೋಗುತ್ತಿದ್ದರು. ಒಂದು ಬೆಳಿಗ್ಗೆ ಮೀಸೆ ಕ್ಯಾಪ್ಟನ್ನು ಔಷಧಿಯ ಪೆಟ್ಟಿಗೆ ಹೊತ್ತು ಗುಡ್ಡದೂರಿಗೆ ಹೋದವರು, ಇಳಿಯದೆ ವಾಪಸ್ಸು ಬಂದರು. ಪೆಟ್ಟಿಗೆಗಳು ಹೋದ ಹಾಗೇ ಬಂದಿದ್ದವು. ಮ್ಯಾನೇಜರು ಮುಖ ಗಂಟಿಕ್ಕಿ ಏನೋ ಕೇಳಿದರೆ, ‘ಎರಡು ಸಾವಿರದ ಎಂಟುನೂರಾ ಐವತ್ತಕ್ಕೆ ನೆಲ ಕಾಣಲಿಲ್ಲ. ಬಂದೆ,’ ಎಂದರು. ಆಮೇಲೆ ನನ್ನ ತಕ್ಕಡಿಯ ಪಕ್ಕ ನಿಂತು ಮುಖ ಒರೆಸಿಕೊಂಡರು. ಬೆವರಿದ್ದರು.

ಅಕ್ಕ ಮೂಲೆಯ ಮೇಜಿನಲ್ಲಿ ಒಬ್ಬರೇ ಚಹಾ ಕುಡಿಯುತ್ತಿದ್ದರು. ಮೀಸೆಯವರು ಅಲ್ಲಿಗೆ ಹೋಗಿ ಎದುರಿನ ಕುರ್ಚಿ ಎಳೆದುಕೊಂಡು ಕೂತರು.

‘ಗುಡ್ಡದೂರಲ್ಲಿ ಇವತ್ತು ಪೂರ್ತಿ ಮೋಡ,’ ಎಂದರು.

‘ಮಧ್ಯಾಹ್ನಕ್ಕೆ ಬಿಡತ್ತೆ ಅಂದ್ರು ಅಣ್ಣಾ. ನಂದು ಎರಡು ಗಂಟೆ ಟ್ರಿಪ್ಪು. ನಿಮ್ಮ ಪೆಟ್ಟಿಗೇನೂ ನಾನೇ ಹಾಕ್ಕೊಂಡು ಹೋಗಲಾ?’

‘ಹಾಕ್ಕೊಂಡು ಹೋಗಮ್ಮಾ,’ ಎಂದರು ಮೀಸೆಯವರು. ಅಕ್ಕ ಕೆಟಲನ್ನು ಅವರ ಕಡೆ ಸರಿಸಿದರು. ನಾನು ಪೆಟ್ಟಿಗೆಗಳನ್ನು ಮತ್ತೊಮ್ಮೆ ತೂಗಲು ಎದ್ದೆ.